ಮರೆತವನೋ, ಮರೆತಂತೆ ನಟಿಸುವವನೋ?

ದುಷ್ಯಂತನು ಶಕುಂತಲೆಯನ್ನು ಮರೆತನೆಂಬುದು ಕಾಳಿದಾಸನ ಮಾತು. ಮರೆಯಲಿಲ್ಲ, ನೆನಪಿದ್ದೂ ನೆನಪಿಲ್ಲವೆಂದು ತುಂಬಿದ ಸಭೆಯಲ್ಲಿ ಸುಳ್ಳಾಡಿದನೆಂಬುದು ವ್ಯಾಸಭಾರತದ ಮಾತು. ಆದಿಪರ್ವದ ಕಥೆಯಲ್ಲಿ ಉಂಗುರವಿಲ್ಲ, ದುರ್ವಾಸರ ಶಾಪವಿಲ್ಲ, ಮೀನಿನ ಹೊಟ್ಟೆಯೂ ಇಲ್ಲ. ಮಗನನ್ನು ಮುಂದಿಟ್ಟುಕೊಂಡು ಬಂದು ನಿಂತ ಹೆಂಗಸನ್ನು ಗುರುತಿಸಿಯೂ ಗುರುತಿಸದಂತೆ ಮಾತನಾಡುವ ಅರಸನೊಬ್ಬನಿದ್ದಾನೆ, ಅಶರೀರವಾಣಿಯು ಸಾಕ್ಷ್ಯ ನುಡಿದ ಬಳಿಕ ತಾನು ಲೋಕದ ಸಂಶಯಕ್ಕೆ ಅಂಜಿ ಹಾಗೆ ನಡೆದುಕೊಂಡುದಾಗಿ ಅವನೇ ಒಪ್ಪಿಕೊಳ್ಳುತ್ತಾನೆ. ಕಾಳಿದಾಸನು ಈ ಸುಳ್ಳನ್ನು ತೆಗೆದು ಅದರ ಸ್ಥಾನದಲ್ಲಿ ವಿಸ್ಮೃತಿಯನ್ನು ಇರಿಸಿದನು. ನಾಯಕನ ಧೀರೋದಾತ್ತತೆಗೆ ಕುಂದು ಬಾರದಿರಲೆಂದು ಹಾಗೆ ಮಾಡಿದನೆಂದು ಪಂಡಿತರು ಸಮಾಧಾನ ಹೇಳುತ್ತಾರೆ, ಅದು ಸರಿಯೂ ಇರಬಹುದು. ಆದರೆ ಈ ಎರಡು ಕಥೆಗಳನ್ನೂ ಎದುರಿಗಿಟ್ಟುಕೊಂಡು ಶಾಕುಂತಲದ ಐದನೆಯ ಅಂಕವನ್ನು ಓದುವವನಿಗೆ ಬೇರೊಂದು ಶಂಕೆ ಹುಟ್ಟದೆ ಇರದು: ಈಕೆಯನ್ನು ನಾನರಿಯೆನೆಂದು ರಂಗದ ಮೇಲೆ ನಿಂತು ಹೇಳುವ ನಟನ ಮುಖದಲ್ಲಿ, ನಿಜವಾಗಿ ಮರೆತವನನ್ನೂ ಮರೆತಂತೆ ನಟಿಸುವವನನ್ನೂ ಬೇರ್ಪಡಿಸಿ ತೋರಿಸುವ ಗೆರೆ ಯಾವುದು?

ಅಂಥ ಗೆರೆಯೊಂದು ಇಲ್ಲವೆಂಬುದೇ ಈ ಲೇಖನದ ಹುಟ್ಟಿಗೆ ಕಾರಣ. ವಿಸ್ಮೃತಿಯನ್ನು ಅಭಿನಯಿಸತಕ್ಕವನು ತನ್ನ ಪಾತ್ರದ ಒಂದೊಂದು ಮಾತನ್ನೂ, ಒಂದೊಂದು ಹೆಜ್ಜೆಯನ್ನೂ, ಎದುರಾಳಿಯ ಮಾತಿನ ಕಡೆಯ ಅಕ್ಷರವನ್ನೂ ಕಂಠಸ್ಥ ಮಾಡಿಕೊಂಡು ಬಂದೇ ನೆನಪಿಲ್ಲವೆನ್ನಬೇಕು. ಸುಳ್ಳುಗಾರನ ಪಾತ್ರಧಾರಿಯೂ ಅದನ್ನೇ, ಅದೇ ಸ್ವರದಲ್ಲಿ, ಅದೇ ಸಾಮಗ್ರಿಯಿಂದ ಮಾಡಬೇಕು. ಕಾದಂಬರಿಕಾರನು ಪಾತ್ರದ ಅಂತರಂಗಕ್ಕೆ ಇಳಿದು ನಿಜಸ್ಥಿತಿಯನ್ನು ನಮಗೆ ಅರುಹಬಲ್ಲನು, ಚಲಚ್ಚಿತ್ರದವನು ಹಿಂದೆ ನಡೆದುದನ್ನು ಕಣ್ಣಿಗೆ ಕಟ್ಟಿಸಬಲ್ಲನು. ನಾಟಕಕ್ಕೆ ಆ ಎರಡು ಸೌಕರ್ಯಗಳೂ ಇಲ್ಲ. ಇಂದಿನವರು ಥ್ರಿಲ್ಲರ್ ಎಂದು ಕರೆಯುವ ಕುತೂಹಲ ನಾಟಕಕ್ಕೆ, ಅದರಲ್ಲಿಯೂ ನೆಚ್ಚಲಾಗದ ನೆನಪನ್ನೇ ವಸ್ತುವಾಗಿ ಮಾಡಿಕೊಂಡ ನಾಟಕಕ್ಕೆ, ಈ ಅಭಾವವೇ ಮೂಲಧನ. ನಾಲ್ಕಾರು ಮಂದಿಯ ಹವ್ಯಾಸಿ ತಂಡವೊಂದು, ಒಂದು ವ್ಯಾನಿನಲ್ಲಿ ಹಿಡಿಸುವಷ್ಟು ಸರಂಜಾಮಿನೊಡನೆ, ಉಡುಪಿ ಮಣಿಪಾಲ ಕಾಪು ಕಾರ್ಕಳಗಳಲ್ಲಿ ಇಂಥದೊಂದು ನಾಟಕವನ್ನು ಆಡುವುದಾದರೆ ಅದು ಎಂಥ ರೂಪವನ್ನು ತಾಳೀತೆಂಬುದನ್ನು ಇಲ್ಲಿ ಆಲೋಚಿಸಿದ್ದೇನೆ. ಆಡಿದ ನಾಟಕದ ವಿಮರ್ಶೆಯಲ್ಲ ಇದು, ಆಡಬಹುದಾದ ನಾಟಕದ ನಕ್ಷೆ; ಆದರೆ ನಕ್ಷೆಯಲ್ಲಿ ಬರುವ ಊರುಗಳೂ ಜನರೂ ಕೃತಿಗಳೂ ನನ್ನ ಕಲ್ಪನೆಯವಲ್ಲ.

ಕನ್ನಡದಲ್ಲಿ ಇದಕ್ಕೆ ಅತ್ಯಂತ ಸಮೀಪವರ್ತಿಯಾದ ನಿದರ್ಶನವೆಂದರೆ ಗಿರೀಶ ಕಾರ್ನಾಡರ ‘ಒಡಕಲು ಬಿಂಬ’. 2004ರಲ್ಲಿ ಬಾಗಿಲು ತೆರೆದ ಬೆಂಗಳೂರಿನ ರಂಗಶಂಕರದಲ್ಲಿ 2005ರಲ್ಲಿ ಅದು ರಂಗವನ್ನೇರಿದಾಗ ಕನ್ನಡ ಪ್ರಯೋಗದಲ್ಲಿ ಪಾತ್ರವನ್ನು ವಹಿಸಿದವರು ಅರುಂಧತಿ ನಾಗ್. ಕನ್ನಡದಲ್ಲಿ ಸಣ್ಣಕಥೆ ಬರೆಯುತ್ತಿದ್ದು ಇಂಗ್ಲಿಷಿನ ಒಂದೇ ಕಾದಂಬರಿಯಿಂದ ಜಗದ್ವಿಖ್ಯಾತಳಾದ ಮಂಜುಳಾ ನಾಯಕ ಎಂಬ ಲೇಖಕಿಯು ದೂರದರ್ಶನದ ಸ್ಟುಡಿಯೋದಲ್ಲಿ ಭಾಷಣ ಮುಗಿಸಿ ಹೊರಡಬೇಕೆನ್ನುವಷ್ಟರಲ್ಲಿ, ಪರದೆಯ ಮೇಲಿನ ಅವಳ ಬಿಂಬವು ಮಾತ್ರ ಹೊರಡಲೊಲ್ಲದೆ ಅಲ್ಲಿಯೇ ನಿಂತು ಅವಳನ್ನು ಪ್ರಶ್ನಿಸತೊಡಗುತ್ತದೆ; ತೀರಿಹೋದ ತಂಗಿ ಮಾಲಿನಿಯ ಕುರಿತು, ಗಂಡನ ಕುರಿತು, ಆ ಕಾದಂಬರಿಯನ್ನು ನಿಜವಾಗಿ ಬರೆದವರು ಯಾರೆಂಬುದರ ಕುರಿತು. ಅಲ್ಲಿ ಪತ್ತೇದಾರನಿಲ್ಲ, ಶವವಿಲ್ಲ, ಪಿಸ್ತೂಲಿಲ್ಲ. ಆದರೂ ಪ್ರೇಕ್ಷಕನು ಉಸಿರು ಬಿಗಿಹಿಡಿದು ಕುಳಿತಿರುತ್ತಾನೆ. ಈ ನಾಟಕದ ತಾಂತ್ರಿಕ ರಹಸ್ಯವೊಂದನ್ನು ನಟವರ್ಗದವರಲ್ಲದವರು ಸಾಮಾನ್ಯವಾಗಿ ಗಮನಿಸುವುದಿಲ್ಲ: ಬಿಂಬದ ಮಾತುಗಳು ಮೊದಲೇ ಚಿತ್ರಿತವಾದವು, ನಡುನಡುವೆ ಬಿಟ್ಟ ಮೌನಗಳೂ ಅಳತೆಮಾಡಿ ಬಿಟ್ಟವು, ಸಜೀವ ನಟಿಯು ಆ ಮೌನಗಳ ಒಳಗೆ ತನ್ನ ಮಾತನ್ನು ಕೂಡಿಸಿ ಮುಗಿಸಬೇಕು. ಜೊತೆಯ ನಟನಾದರೆ ನೀವು ತಡವರಿಸಿದಾಗ ಒಂದು ಮಾತನ್ನು ಸೇರಿಸಿ ನಿಮ್ಮನ್ನು ದಡ ಹತ್ತಿಸಿಯಾನು, ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ನೆನಪಿನ ವಂಚನೆಯನ್ನು ಕುರಿತ ನಾಟಕದಲ್ಲಿ ನಟಿಯ ನೆನಪು ಒಂದು ಕ್ಷಣವೂ ವಂಚಿಸುವಂತಿಲ್ಲ. ಕಾರ್ನಾಡರು ಇದನ್ನು ಬೇಕೆಂದೇ ಮಾಡಿದರೆಂದು ನನ್ನ ನಂಬಿಕೆ.

ಇನ್ನು ಈ ನಾಡಿನ ಮಣ್ಣಿನಿಂದಲೇ ಎದ್ದ ಒಂದು ಕೃತಿಯನ್ನು ಹೆಸರಿಸದೆ ಮುಂದೆ ಹೋಗಲಾಗದು. ಅದು ನಾಟಕವಲ್ಲ, ಚಲಚ್ಚಿತ್ರ. ಉಡುಪಿಯವರೇ ಆದ ರಕ್ಷಿತ್ ಶೆಟ್ಟಿಯವರು 2014ರಲ್ಲಿ ತೆರೆಗೆ ತಂದ ‘ಉಳಿದವರು ಕಂಡಂತೆ’ ಎಂಬುದರಲ್ಲಿ ಮಲ್ಪೆಯ ಕಡಲ ತೀರದಲ್ಲಿ ಅಷ್ಟಮಿಯ ಹುಲಿವೇಷದ ಗದ್ದಲದ ನಡುವೆ ನಡೆದ ಒಂದು ಪ್ರಕರಣವನ್ನು ಪತ್ರಕರ್ತೆಯೊಬ್ಬಳು ಹಲವರ ಬಾಯಿಂದ ಕೇಳಿ ಕೂಡಿಸುತ್ತಾಳೆ, ಕೂಡಿಸಿದಷ್ಟೂ ಅದು ಕೂಡದೆ ಹೋಗುತ್ತದೆ. ಜಪಾನಿನ ಅಕುಟಗಾವ 1922ರಲ್ಲಿ ಬರೆದ ಕಥೆಯಿಂದ ಕುರೊಸಾವ 1950ರಲ್ಲಿ ‘ರಶೋಮನ್’ ಮಾಡಿದ ಬಳಿಕ ಈ ವಿಧಾನವು ಲೋಕದ ಸೊತ್ತಾಗಿದೆ. ಆದರೆ ಚಿತ್ರದಲ್ಲಿ ಪ್ರತಿಯೊಬ್ಬನ ಹೇಳಿಕೆಯೂ ದೃಶ್ಯವಾಗಿ ಪರಿಣಮಿಸುವುದರಿಂದ ಸುಳ್ಳಿಗೂ ಕಡಲು, ಮರಳು, ಮಳೆ ಎಲ್ಲವೂ ಸಾಕ್ಷಿಯಾಗಿ ನಿಲ್ಲುತ್ತವೆ; ಪ್ರೇಕ್ಷಕನು ಕಿವಿಯನ್ನು ಶಂಕಿಸಿಯಾನೇ ಹೊರತು ಕಣ್ಣನ್ನು ಶಂಕಿಸಲಾರನು. ರಂಗದಲ್ಲಿ ಇರುವುದು ಒಬ್ಬ ಮನುಷ್ಯ, ಅವನು ನಿಂತ ಎರಡು ಗಜ ನೆಲ, ಅವನ ಮಾತು. ಇಲ್ಲಿ ನಂಬಿಕೆ ಹುಟ್ಟಿದರೆ ಅದನ್ನು ಹುಟ್ಟಿಸಿಕೊಂಡವನು ಪ್ರೇಕ್ಷಕನೇ, ಆದುದರಿಂದ ಅದು ಮುರಿದಾಗ ನಾಚಬೇಕಾದವನೂ ಅವನೇ.

ಹಾಗಾದರೆ ಕಥೆ ಯಾವುದು? ಹೊಸದನ್ನು ಹುಡುಕಿಕೊಂಡು ಹೋಗುವ ಅಗತ್ಯ ನನಗೆ ತೋರುವುದಿಲ್ಲ. ಶಾಕುಂತಲದ ಆರನೆಯ ಅಂಕದ ಆರಂಭದಲ್ಲಿ ಇಬ್ಬರು ಕಾವಲಿನವರು ಒಬ್ಬ ಮೀನುಗಾರನ ಕೈಗಳನ್ನು ಹಿಂದಕ್ಕೆ ಕಟ್ಟಿ ಹೊಡೆಯುತ್ತ ಕರೆತರುತ್ತಾರೆ. ಅರಸನ ಹೆಸರುಳ್ಳ ಉಂಗುರವು ಅವನಿಗೆ ಹೇಗೆ ಸಿಕ್ಕಿತೆಂಬುದು ಪ್ರಶ್ನೆ, ರೋಹಿತ ಮತ್ಸ್ಯವನ್ನು ಕೊಯ್ದಾಗ ಅದರ ಹೊಟ್ಟೆಯಲ್ಲಿ ಸಿಕ್ಕಿತೆಂಬುದು ಉತ್ತರ. ಉತ್ತರವನ್ನು ಯಾರೂ ನಂಬುವುದಿಲ್ಲ. ನಗರರಕ್ಷಕನು ಅರಸನ ಬಳಿಗೆ ಹೋಗಿ ಹಿಂದಿರುಗಿದಾಗ ಬಿಡುಗಡೆಯೂ ಉಂಗುರದ ಬೆಲೆಯಷ್ಟು ಬಹುಮಾನವೂ ಬರುತ್ತವೆ, ಈಗತಾನೆ ಹೊಡೆಯುತ್ತಿದ್ದವರೇ ಅದರಲ್ಲಿ ಪಾಲು ಪಡೆದು ಅವನೊಡನೆ ಹೆಂಡದಂಗಡಿಗೆ ನಡೆಯುತ್ತಾರೆ. ಇದಿಷ್ಟೇ ಪ್ರವೇಶಕ, ಪ್ರಣಯದ ಪಾರಿಜಾತವನವನ್ನು ಹುಡುಕಿ ಬರುವ ಓದುಗರು ಇದನ್ನು ಹಾಸ್ಯಕ್ಕಾಗಿ ಇಟ್ಟ ತುಣುಕೆಂದು ತಿಳಿದು ದಾಟಿ ಹೋಗುತ್ತಾರೆ. ಆದರೆ ಸಮುದ್ರತೀರದ ಈ ಜಿಲ್ಲೆಯಲ್ಲಿ ಆಡುವ ನಾಟಕಕ್ಕೆ ಅರಸನಿಗಿಂತ ಮೀನುಗಾರನೇ ತಕ್ಕ ನಾಯಕ. ಅರಸನು ಆ ಉಂಗುರವನ್ನು ಗುರುತಿಸದಿದ್ದರೆ ಇವನ ಗತಿ ಏನಾಗುತ್ತಿತ್ತು? ಒಬ್ಬನ ಪ್ರಾಣವು ಇನ್ನೊಬ್ಬನ ಜ್ಞಾಪಕಶಕ್ತಿಯ ಮೇಲೆ ತೂಗಾಡುವ ಸ್ಥಿತಿಗಿಂತ ಹೆಚ್ಚಿನ ರೋಮಾಂಚವನ್ನು ಯಾವ ಪತ್ತೇದಾರಿ ಕಥೆಗಾರನೂ ಹೊಸೆಯಲಾರನು. ಹೊಡೆದು ಬಾಯಿ ಬಿಡಿಸುವ ಪದ್ಧತಿಯು ಕಾಳಿದಾಸನ ಕಾಲಕ್ಕೇ ಮುಗಿಯಲಿಲ್ಲವೆಂಬುದನ್ನೂ, ನಮ್ಮ ಕಾಲದಲ್ಲಿ ಅದು ಮಂಪರು ಪರೀಕ್ಷೆಯೆಂಬ ವೈದ್ಯವೇಷವನ್ನು ಧರಿಸಿತೆಂಬುದನ್ನೂ, ಆಪಾದಿತನ ಒಪ್ಪಿಗೆಯಿಲ್ಲದೆ ಅಂಥ ಪರೀಕ್ಷೆಯನ್ನು ನಡೆಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು ತೀರ್ಪಿತ್ತ ಸೆಲ್ವಿ ಮೊಕದ್ದಮೆಯಲ್ಲಿ ಪ್ರತಿವಾದಿಯು ಕರ್ನಾಟಕ ಸರಕಾರವೇ ಆಗಿತ್ತೆಂಬುದನ್ನೂ ನಾಟಕ ಬರೆಯುವವನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು, ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಆದುದರಿಂದ ನಾಟಕವು ಒಂದು ವಿಚಾರಣೆ, ನಾಲ್ವರ ಹೇಳಿಕೆ. ಮೀನುಗಾರ, ಕಾವಲಿನವ, ಆಶ್ರಮದಿಂದ ಬಂದ ಹೆಂಗಸು, ಕಡೆಗೆ ಅರಸ. ಮೂವರು ನಟರು ಸಾಕು, ಕಾವಲಿನವನೇ ಅರಸನಾಗಲಿ. ಈಗ ಬರುವುದು ರಂಗಪ್ರಯೋಗದ ಮುಖ್ಯ ತೊಡಕು: ಉಂಗುರ. ಅಂಗೈಯಲ್ಲಿ ಅಡಗುವ ಆ ವಸ್ತು ಮೂರನೆಯ ಸಾಲಿನಾಚೆಯವನ ಕಣ್ಣಿಗೆ ಬೀಳುವುದಿಲ್ಲ. ದೊಡ್ಡದಾಗಿ ಮಾಡಿದರೆ ಹಾಸ್ಯಾಸ್ಪದವಾದೀತು, ಪರದೆಯ ಮೇಲೆ ಬಿಂಬಿಸಿದರೆ ತಂಡದ ಜೇಬು ಹರಿದೀತು. ನನ್ನ ಸೂಚನೆಯೇನೆಂದರೆ, ಉಂಗುರವನ್ನು ತರಲೇಬಾರದು. ನಟನು ಬರಿಗೈಯ ಎರಡು ಬೆರಳುಗಳ ನಡುವೆ ಅದನ್ನು ಹಿಡಿದಂತೆ ಹಿಡಿಯಲಿ, ಒಬ್ಬನು ಅದರ ಕೆಂಪುಹರಳನ್ನು ಕುರಿತು ಒಂದು ಮಾತಾಡಲಿ, ಅರ್ಧ ಗಂಟೆಯ ತರುವಾಯ ಇನ್ನೊಬ್ಬನು ಅದರ ಮೇಲಿನ ಅಕ್ಷರಗಳನ್ನು ಓದಲಿ. ನಾಟಕ ಮುಗಿದು ಮನೆಗೆ ಹೋಗುವ ಹೊತ್ತಿಗೆ ಸಭೆಯ ಬಹುಮಂದಿ ತಾವು ಕೆಂಪುಹರಳಿನ ಉಂಗುರವನ್ನು ಕಂಡೆವೆಂದೇ ಹೇಳಿಯಾರು.

ಇದು ನನ್ನ ಊಹೆಯ ಧೈರ್ಯವಷ್ಟೇ ಅಲ್ಲ. 1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಪಾಮರ್ ಎಂಬ ಮನಶ್ಶಾಸ್ತ್ರಜ್ಞರು 150 ಮಂದಿಗೆ ಕಾರಿನ ಅಪಘಾತವೊಂದರ ಚಲಚ್ಚಿತ್ರವನ್ನು ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದುವೆಂದು ಕೇಳಿದರು. 50 ಮಂದಿಗೆ ಕಾರುಗಳು ಅಪ್ಪಳಿಸಿದುವೆಂಬ ಮಾತಿನಿಂದ, ಬೇರೆ 50 ಮಂದಿಗೆ ತಾಗಿದುವೆಂಬ ಮೆದುಮಾತಿನಿಂದ ಪ್ರಶ್ನೆಯನ್ನು ಕಟ್ಟಿದ್ದರು, ಉಳಿದ 50 ಮಂದಿಗೆ ಆ ಪ್ರಶ್ನೆಯನ್ನೇ ಹಾಕಲಿಲ್ಲ. ವಾರ ಕಳೆದು, ಚಿತ್ರದಲ್ಲಿ ಒಡೆದ ಗಾಜನ್ನು ಕಂಡಿರಾ ಎಂದಾಗ ಮೊದಲಿನ ಗುಂಪಿನಲ್ಲಿ 16 ಮಂದಿ, ಎರಡನೆಯದರಲ್ಲಿ 7 ಮಂದಿ, ಮೂರನೆಯದರಲ್ಲಿ 6 ಮಂದಿ ಕಂಡೆವೆಂದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಪ್ರಶ್ನೆಯೊಳಗಿನ ಒಂದು ಮಾತು ವಾರದೊಳಗೆ ದೃಶ್ಯವಾಗಿ ಬೆಳೆದಿತ್ತು. ನಮ್ಮ ಕಾರಂತರ ಮೂಕಜ್ಜಿಗೆ ಏನಾದರೊಂದು ವಸ್ತು ಕೈಗೆ ಬಂದರೆ ಅದರ ಹಿಂದಿನ ಕಾಲವೆಲ್ಲ ಕಾಣಿಸುತ್ತದೆ. 1968ರ ಆ ಕಾದಂಬರಿಯು ವಸ್ತುವಿನಿಂದ ಸ್ಮೃತಿಗೆ ಹೋದರೆ, ಈ ನಾಟಕವು ವಸ್ತುವೇ ಇಲ್ಲದ ಸ್ಮೃತಿಯನ್ನು ಸಭೆಯ ಮಧ್ಯದಲ್ಲಿ ಹುಟ್ಟಿಸುತ್ತದೆ. ಮೀನುಗಾರನು ಸುಳ್ಳನೋ ಅಲ್ಲವೋ ಎಂದು ತೀರ್ಪು ಕೊಡಲು ಕುಳಿತವರು ತಾವೇ ಸುಳ್ಳುಸಾಕ್ಷಿಗಳಾಗಿರುತ್ತಾರೆ.

ಈ ಬಗೆಯ ಪ್ರೇಕ್ಷಕತ್ವಕ್ಕೆ ಕರಾವಳಿಯವರಿಗೆ ಶಿಕ್ಷಣ ಕೊಡಬೇಕಾಗಿಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಆಯುಧವಿಲ್ಲ, ಕುಣಿತವಿಲ್ಲ. ಪದ್ಯವೊಂದೇ ನಿಶ್ಚಿತ, ಅರ್ಥವು ಆ ಇರುಳಿನ ಸೃಷ್ಟಿ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಗೂ ಇನ್ನೊಬ್ಬರ ವಾಲಿಗೂ ನಡುವಣ ಅಂತರವನ್ನು ಹೋಟೆಲಿನ ಬೆಂಚಿನ ಮೇಲೆ ಕುಳಿತು ಗಂಟೆಗಟ್ಟಲೆ ವಾದಿಸಿದ ಜನ ಇವರು. ಮಲ್ಪೆಯ ಸಾಮಗ ಸಹೋದರರು ಎದುರುಬದುರು ಕುಳಿತರೆ ಅದೇ ಪ್ರಸಂಗವು ಬೇರೆಯದೇ ನ್ಯಾಯದ ಕಡೆಗೆ ವಾಲುತ್ತಿತ್ತೆಂಬುದನ್ನು ಬಲ್ಲವರು. ಒಂದು ಕಥೆಗೆ ಎರಡು ನಿಜಗಳಿರಬಹುದೆಂಬುದನ್ನು ಪಾಶ್ಚಾತ್ಯ ನಾಟಕಕಾರನು ತನ್ನ ಪ್ರೇಕ್ಷಕನಿಗೆ ಬಹಳ ಶ್ರಮಪಟ್ಟು ಮನಗಾಣಿಸಬೇಕಾಗುತ್ತದೆ. ಇಲ್ಲಿಯವರು ಅದನ್ನು ಮನೆಯ ಜಗಲಿಯಲ್ಲಿಯೇ ಕಲಿತುಕೊಂಡಿದ್ದಾರೆ.

ಯಕ್ಷಗಾನದಿಂದಲೇ ಇನ್ನೊಂದು ಉಪಾಯವನ್ನು ಕಡ ತರಬಹುದು. ಹಳೆಯ ನಾಟಕ ಕಂಪನಿಗಳಲ್ಲಿ ಪ್ರಾಂಪ್ಟರ್ ಎಂಬುವನು ಸೈಡ್‌ವಿಂಗಿನ ಮರೆಯಲ್ಲಿ ಪುಸ್ತಕ ಹಿಡಿದು ನಿಂತು, ಮಾತು ಮರೆತ ನಟನಿಗೆ ಪಿಸುದನಿಯಲ್ಲಿ ನೆನಪು ಮಾಡಿಕೊಡುತ್ತಿದ್ದನು. ಪ್ರೇಕ್ಷಕರು ಅವನನ್ನು ಕೇಳಿದರೂ ಕೇಳದಂತಿರಬೇಕಾದುದು ಮರ್ಯಾದೆ. ಯಕ್ಷಗಾನದ ಭಾಗವತನಾದರೋ ಎಲ್ಲರಿಗೂ ಕಾಣುವಂತೆ ಕುಳಿತೇ ಕಥೆಯನ್ನು ನಡೆಸುತ್ತಾನೆ, ಬಂದ ವೇಷವನ್ನು ತಾವು ಯಾರೆಂದು ವಿಚಾರಿಸುತ್ತಾನೆ, ಬೇಕಾದಲ್ಲಿ ಮಾತನ್ನು ಎತ್ತಿಕೊಡುತ್ತಾನೆ. ನಮ್ಮ ತಂಡದ ಪ್ರಾಂಪ್ಟರನನ್ನು ಮರೆಯಿಂದ ಹೊರಕ್ಕೆ ತಂದು, ರಂಗದ ಒಂದು ಮೂಲೆಯಲ್ಲಿ ಮೇಜಿನ ಮುಂದೆ ಕಡತ ಬಿಚ್ಚಿಕೊಟ್ಟು, ನ್ಯಾಯಾಲಯದ ಗುಮಾಸ್ತನನ್ನಾಗಿ ಕೂರಿಸಬೇಕು. ಸಾಕ್ಷಿಯು ತಡವರಿಸಿದಾಗ ಅವನು ಒಂದು ಮಾತನ್ನು ಎತ್ತಿಕೊಡುತ್ತಾನೆ, ಸಾಕ್ಷಿಯು ಅದನ್ನು ಹಿಡಿದುಕೊಂಡು ಮುಂದುವರಿಯುತ್ತಾನೆ. ಮೊದಲೆರಡು ಸಲ ಸಭೆಯವರು ನಟನು ಮಾತು ಮರೆತನೆಂದು ತಿಳಿದು ಒಳಗೊಳಗೇ ಮರುಗುತ್ತಾರೆ. ಮೂರನೆಯ ಸಲ, ಗುಮಾಸ್ತನು ಎತ್ತಿಕೊಟ್ಟ ಮಾತು ಹಿಂದಿನ ಹೇಳಿಕೆಗೆ ವಿರುದ್ಧವಾಗಿದೆಯೆಂದೂ, ಸಾಕ್ಷಿಯು ಅದನ್ನೂ ತನ್ನ ನೆನಪೆಂದೇ ಒಪ್ಪಿಕೊಂಡನೆಂದೂ ಹೊಳೆದಾಗ, ಅಷ್ಟು ಹೊತ್ತಿನಿಂದ ಕಣ್ಣೆದುರಿಗೇ ಕುಳಿತಿದ್ದ ನಿರುಪದ್ರವಿ ಮನುಷ್ಯನ ಮೇಲೆ ಎಲ್ಲರ ದೃಷ್ಟಿಯೂ ಹೊರಳುತ್ತದೆ. ಸಾಕ್ಷಿಗೆ ಪಾಠ ಹೇಳಿಕೊಡುವ ಕಲೆಯನ್ನು ಕುರಿತು ವಕೀಲಿವೃತ್ತಿಯ ಮಿತ್ರರು ಹೇಳುವ ಕಥೆಗಳನ್ನು ಕೇಳಿದವರಿಗೆ ಈ ಪಾತ್ರವು ಅತಿಶಯೋಕ್ತಿಯೆನಿಸದು.

ಸಂಚಾರದ ವಿಷಯ. 1949ರಲ್ಲಿ ಹುಟ್ಟಿದ ಹೆಗ್ಗೋಡಿನ ನೀನಾಸಂ ಕೆ.ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ 1985ರಿಂದ ‘ತಿರುಗಾಟ’ವನ್ನು ಹೊರಡಿಸಿದಾಗ, ಒಳ್ಳೆಯ ನಾಟಕವು ಊರಿಂದೂರಿಗೆ ಬಸ್ಸಿನಲ್ಲಿ ಬರಬಲ್ಲದೆಂಬುದು ಕನ್ನಡನಾಡಿಗೆ ಮತ್ತೆ ತಿಳಿಯಿತು. ಕರಾವಳಿಗೆ ತಿರುಗಾಟವೇನೂ ಅಪರಿಚಿತವಲ್ಲ. ಮಂದಾರ್ತಿ, ಕಟೀಲು, ಧರ್ಮಸ್ಥಳಗಳ ಮೇಳಗಳು ದೀಪಾವಳಿಯ ನಂತರ ಹೊರಟು ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಇರುಳಿಗೊಂದೂರೆಂಬಂತೆ ಆಡುತ್ತಲೇ ಇರುತ್ತವೆ. ನಮ್ಮ ತಂಡದ ಸಂಚಾರವಾದರೋ ಅವುಗಳ ಮುಂದೆ ಸಂಚಾರವೆನ್ನಲು ಸಂಕೋಚಪಡುವಷ್ಟು ಚಿಕ್ಕದು: ಉಡುಪಿಯಿಂದ ಮಣಿಪಾಲದ ಗುಡ್ಡಕ್ಕೆ ಸುಮಾರು 5 ಕಿಲೋಮೀಟರು, ಹೆದ್ದಾರಿಯಲ್ಲಿ ತೆಂಕಲಾಗಿ ಕಾಪುವಿಗೆ ಹದಿಮೂರೋ ಹದಿನಾಲ್ಕೋ, ಕಾರ್ಕಳಕ್ಕೆ ನಲವತ್ತರ ಒಳಗೆ. ನಟರು ಪ್ರತಿರಾತ್ರಿಯೂ ತಮ್ಮ ಮನೆಯಲ್ಲಿಯೇ ಮಲಗಿ, ಬೆಳಿಗ್ಗೆ ಬ್ಯಾಂಕಿಗೋ ಶಾಲೆಗೋ ಹೋಗಬಹುದು. ಬಿಡಾರದ ಖರ್ಚಿಲ್ಲ, ಊಟದ ಖರ್ಚು ಅಲ್ಪ. ಎರಡು ಬೆಂಚು, ಒಂದು ಮೇಜು, ಒಂದು ಬಲೆ, ಆರು ದೀಪ, ಚಿಕ್ಕದೊಂದು ಡಿಮ್ಮರ್. ವಿದ್ಯುತ್ತು ಹೋದರೆ ಲಾಂದ್ರದಲ್ಲಿಯೂ ನಡೆಯುವಂತಿರಬೇಕು. ಸಲಕರಣೆಯನ್ನು ನೆಚ್ಚಿಕೊಂಡ ಕುತೂಹಲವು ಹಳ್ಳಿಯ ಸಭಾಭವನದ ಫ್ಯೂಜಿನೊಡನೆ ಹಾರಿಹೋಗುತ್ತದೆಂಬುದನ್ನು ಹವ್ಯಾಸಿಗಳು ಬಲ್ಲರು.

ಉಡುಪಿಯಲ್ಲಿ ಆರಂಭಿಸುವುದು ಧೈರ್ಯದ ಕೆಲಸ, ಏಕೆಂದರೆ ಇಲ್ಲಿಯ ಸಭೆ ನಾಟಕಗಳನ್ನು ತೂಗಿ ನೋಡುವ ಸಭೆ. 1965ರಲ್ಲಿ ಕಟ್ಟಿದ ರಂಗಭೂಮಿ ಸಂಸ್ಥೆಯು ನಡೆಸಿಕೊಂಡು ಬಂದ ನಾಟಕ ಸ್ಪರ್ಧೆಗಳನ್ನು ತಲೆಮಾರುಗಳಿಂದ ಕಂಡವರಿಗೆ ಬೆಳಕು ತಡವಾದದ್ದೂ ತಿಳಿಯುತ್ತದೆ, ಹೆಜ್ಜೆ ತಪ್ಪಿದ್ದೂ ತಿಳಿಯುತ್ತದೆ. ಎಂಜಿಎಂ ಕಾಲೇಜಿನ ಮುದ್ದಣ ಮಂಟಪವನ್ನು ನಾನು ಈ ನಾಟಕಕ್ಕೆ ಆರಿಸುವುದು ಆ ಹೆಸರಿನ ಕಾರಣಕ್ಕಾಗಿ. ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿ, ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿ ಬಡತನದಲ್ಲಿ ಬಾಳಿ, 1901ರಲ್ಲಿ ಕ್ಷಯಕ್ಕೆ ತುತ್ತಾದ ಲಕ್ಷ್ಮೀನಾರಣಪ್ಪನು, ಎಂದರೆ ಮುದ್ದಣನು, ತನ್ನ ಕೃತಿಗಳನ್ನು ತನ್ನವೆನ್ನದೆ ಹಳಗಾಲದ ಕವಿಯವೆಂದು ಮೈಸೂರಿಗೆ ಕಳುಹಿಸಿದನು, ವಿದ್ವಾಂಸರು ನಂಬಿ ಅಚ್ಚು ಹಾಕಿದರು. ಭಾಷೆಯ ನಡೆಯಲ್ಲಿ, ಕೃತಿಯೊಳಗಿನ ಮನೋರಮೆಯ ಮಾತಿನ ಹುರುಪಿನಲ್ಲಿ ಹೊಸಗಾಲದ ಉಸಿರು ಆಡುತ್ತಿದ್ದರೂ, ಹಳೆಯದೆಂದು ಹೇಳಿದ ಮೇಲೆ ಹಳೆಯದಾಗಿಯೇ ಕಂಡಿತು. ಒಂದು ಇಡೀ ಸಾಹಿತ್ಯಲೋಕಕ್ಕೆ ಇಲ್ಲದ ಪ್ರಾಚೀನತೆಯ ನೆನಪನ್ನು ಹುಟ್ಟಿಸಿದ ಡ್ರಿಲ್ ಮಾಸ್ತರನಿಗಿಂತ ದೊಡ್ಡ ಕುತೂಹಲಕಾರನು ಈ ಜಿಲ್ಲೆಯಲ್ಲಿ ಯಾರು ಹುಟ್ಟಿದ್ದಾರೆ? ಅವನ ಹೆಸರಿನ ಮಂಟಪದಲ್ಲಿ, ಇಲ್ಲದ ಉಂಗುರವನ್ನು ತೋರಿಸಲು ಅನುಮತಿ ಬೇಡಬೇಕಾಗಿಲ್ಲ.

ಮಣಿಪಾಲದ ಸಭೆಯ ಸ್ವರೂಪವೇ ಬೇರೆ. ಅಲ್ಲಿ ಅರ್ಧದಷ್ಟು ಮಂದಿಗೆ ಕನ್ನಡ ಬಾರದೆಂದು ತಿಳಿದೇ ಹೋಗಬೇಕು. ಡಾ. ಟಿ.ಎಂ.ಎ. ಪೈಗಳು ಆ ಬೋಳುಗುಡ್ಡದ ಮೇಲೆ ವೈದ್ಯಕೀಯ ಕಾಲೇಜನ್ನು ತೆರೆದ 1953ನೆಯ ಇಸವಿಯಲ್ಲಿಯೇ, ಭೂಮಿಯ ಆಚೆಬದಿಯ ಹಾರ್ಟ್‌ಫರ್ಡ್ ಎಂಬಲ್ಲಿ ಹೆನ್ರಿ ಮೊಲೈಸನ್ ಎಂಬ ಯುವಕನ ಮೂರ್ಛೆರೋಗಕ್ಕಾಗಿ ಮೆದುಳಿನ ಒಂದು ಭಾಗವನ್ನು ಕೊಯ್ದು ತೆಗೆದರು, ಅಂದಿನಿಂದ ಅವನಲ್ಲಿ ಹೊಸ ನೆನಪು ನೆಲೆಯೂರಲೇ ಇಲ್ಲ. 2008ರಲ್ಲಿ ಸಾಯುವವರೆಗೂ ಪ್ರತಿದಿನವೂ ಅದೇ ವೈದ್ಯರನ್ನು ಹೊಸಬರೆಂದೇ ಕಂಡನು. ಆದರೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆಯ ಮೇಲೆ ಗೆರೆ ಎಳೆಯುವ ಅಭ್ಯಾಸವನ್ನು ಅವನಿಂದ ಮಾಡಿಸಿದಾಗ, ಹಿಂದೆ ಮಾಡಿದ್ದೆನೆಂಬುದು ನೆನಪಿಲ್ಲದಿದ್ದರೂ ಅವನ ಕೈ ದಿನದಿಂದ ದಿನಕ್ಕೆ ಪಳಗುತ್ತ ಹೋಯಿತು. ಭಾವಿ ವೈದ್ಯರ ಮುಂದೆ ಆಡುವಾಗ ನಮ್ಮ ಮೀನುಗಾರನು ಹೇಳಿಕೆ ಕೊಡುತ್ತಲೇ ಬಲೆ ನೇಯುತ್ತಿರಲಿ. ನದಿಯ ದಂಡೆಗೆ ಆ ದಿನ ಹೋಗಿರಲೇ ಇಲ್ಲವೆಂದು ಬಾಯಿ ಹೇಳುವಾಗ ಕೈಗಳು ಆ ದಿನದ ಗಂಟನ್ನೇ ಹಾಕುತ್ತಿರಲಿ. ಕನ್ನಡ ಬಾರದವರು ಕೈಯನ್ನು ನಂಬುವರು, ಬರುವವರು ಬಾಯನ್ನು ನಂಬುವರು, ಹೊರಬಂದ ಮೇಲೆ ಇಬ್ಬರಿಗೂ ಜಗಳವಾಗುವುದು. ಅಷ್ಟಾದರೆ ಮಣಿಪಾಲದ ಪ್ರಯೋಗವು ಸಫಲವೆಂದೇ ಲೆಕ್ಕ.

ಕಾಪುವಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಬಯಲು; ಕಡಲ ಗಾಳಿ; ಮುದ್ದಣ ತೀರಿಕೊಂಡ ವರ್ಷವೇ ಬಂಡೆಯ ಮೇಲೆ ಎದ್ದ ದೀಪಸ್ತಂಭ. ಮಾರಿಪೂಜೆಯ ಮಂಗಳವಾರ ಬುಧವಾರಗಳನ್ನು ತಪ್ಪಿಸಿ ದಿನ ಗೊತ್ತುಮಾಡಬೇಕೆಂಬ ವ್ಯಾವಹಾರಿಕ ಸಂಗತಿಯನ್ನು ಬಿಟ್ಟರೆ, ತಂಡದವರು ಅಲ್ಲಿ ಆಡುವ ಮುನ್ನ ಪಿಲಿಕೋಲವನ್ನು ಒಮ್ಮೆ ನೋಡಿ ಬರುವುದು ಒಳಿತು. ಎರಡು ವರ್ಷಕ್ಕೊಮ್ಮೆ ನಡೆಯುವ ಆ ಕೋಲದಲ್ಲಿ ಹುಲಿಯು ಜನರ ನಡುವೆ ನುಗ್ಗಿ ಬೆನ್ನಟ್ಟುತ್ತದೆ, ಮುಟ್ಟಿಸಿಕೊಂಡವನಿಗೆ ಕೇಡೆಂಬ ನಂಬಿಕೆಯಿಂದ ಜನ ನಿಜವಾಗಿಯೂ ಓಡುತ್ತಾರೆ. ನಮ್ಮ ಊರಿನಲ್ಲಿ ಭಯವನ್ನು ಹೇಗೆ ಹುಟ್ಟಿಸುತ್ತಾರೆಂಬುದನ್ನು ಒಮ್ಮೆ ಕಂಡವನು ಗುಡುಗಿನ ಧ್ವನಿಮುದ್ರಣಕ್ಕೂ ಕೆಂಪು ದೀಪಕ್ಕೂ ದುಡ್ಡು ದಂಡ ಮಾಡಲಾರನು.

ಕಾರ್ಕಳವನ್ನು ಕಡೆಯಲ್ಲಿ ಇಟ್ಟುದು ಸಕಾರಣ. ಅಲ್ಲಿಯ ಗುಡ್ಡದ ಮೇಲೆ 42 ಅಡಿಯ ಗೊಮ್ಮಟನು ನಿಂತಿದ್ದಾನೆ. ಭೈರರಸರ ವಂಶದ ವೀರಪಾಂಡ್ಯನು 1432ರಲ್ಲಿ ಪ್ರತಿಷ್ಠೆ ಮಾಡಿಸಿದನೆಂದು ಶಾಸನವು ಕಾಲನಿರ್ದೇಶ ಸಹಿತವಾಗಿ ಹೇಳುತ್ತದೆ. ಅದೇ ಮೂರ್ತಿಯನ್ನು ಕುರಿತು ತುಳುವರ ಪಾಡ್ದನವು ಹೇಳುವ ಕಥೆ ಬೇರೆ. ಬೀರ ಕಲ್ಕುಡನೆಂಬ ಶಿಲ್ಪಿಯು ಈ ಮೂರ್ತಿಯನ್ನು ಕಡೆದು ಮುಗಿಸಿದಾಗ, ಇಂಥದನ್ನು ಇನ್ನೆಲ್ಲಿಯೂ ಮಾಡಬಾರದೆಂದು ಅರಸನು ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸಿದನು. ಅವನು ಉಳಿದ ಒಂದು ಕೈಯಿಂದಲೇ ವೇಣೂರಿನಲ್ಲಿ ಇನ್ನೊಂದು ಗೊಮ್ಮಟನನ್ನು ನಿಲ್ಲಿಸಿದನು. ಅಣ್ಣನಿಗಾದ ಗತಿಯನ್ನು ಕಂಡ ತಂಗಿ ಕಲ್ಲುರ್ಟಿಯು ಅವನೊಡನೆ ಮಾಯವಾಗಿ, ಇಬ್ಬರೂ ದೈವಗಳಾಗಿ ಬಂದು ಅರಸನ ಮನೆಯನ್ನು ಕಾಡಿದರು. ಇಂದಿಗೂ ಆ ದೈವಗಳಿಗೆ ನೇಮ ಸಲ್ಲುತ್ತದೆ, ಇಂದಿಗೂ ಪಾಡ್ದನವು ಬಾಯಿಂದ ಬಾಯಿಗೆ ನಡೆದು ಬರುತ್ತದೆ. ವೇಣೂರಿನ ಮೂರ್ತಿಯಾದರೋ 1604ರದು, ಅರಸು ತಿಮ್ಮಣ್ಣ ಅಜಿಲನ ಕಾಲದ್ದು. ಎರಡಕ್ಕೂ ನಡುವೆ 172 ವರ್ಷ. ಒಬ್ಬನೇ ಶಿಲ್ಪಿ ಎರಡನ್ನೂ ಕಡೆದಿರುವುದು ಅಸಾಧ್ಯವೆಂದು ಶಾಲೆಯ ಹುಡುಗನೂ ಕಳೆಯುವ ಲೆಕ್ಕ ಮಾಡಿ ಹೇಳಬಹುದು.

ಹಾಗೆ ಹೇಳಿ ಮುಗಿಸುವ ಪಂಡಿತರನ್ನು ಕಂಡಿದ್ದೇನೆ. ಅವರ ಅವಸರ ನನಗೆ ಒಪ್ಪಿಗೆಯಾಗದು. ಪಾಡ್ದನದ ಸ್ಮೃತಿಯು ಕಾಲಗಣನೆಯಲ್ಲಿ ನೆಚ್ಚಲರ್ಹವಲ್ಲ, ನಿಜ. ಆದರೆ ಶಾಸನವನ್ನು ಬರೆಯಿಸಿದವರು ಯಾರು? ಪ್ರತಿಷ್ಠೆ ಮಾಡಿಸಿದ ಅರಸನೇ. ಅವನು ತನ್ನ ವಂಶವನ್ನೂ ಗುರುವನ್ನೂ ಲಗ್ನವನ್ನೂ ಕಲ್ಲಿನಲ್ಲಿ ಕೆತ್ತಿಸಿದನು. ಉಳಿ ಹಿಡಿದವನಿಗೆ ಕೊಟ್ಟ ಕೂಲಿ ಏನೆಂಬುದನ್ನು, ಪಾಡ್ದನವನ್ನು ಹಾಡುವ ಬಾಯಿಗಳ ಹೊರತು ಬೇರಾರೂ ಕೇಳಲಿಲ್ಲ. ಕೈ ಕಡಿಸಿದ ಯಾವ ಅರಸನಾದರೂ ಅದನ್ನು ಶಾಸನದಲ್ಲಿ ಬರೆಯಿಸಿಯಾನೆ? ನಡೆದೇ ಇತ್ತೆಂದು ನಾನು ವಾದಿಸುವುದಿಲ್ಲ; ಎರಡು ಸಾಕ್ಷಿಗಳಲ್ಲಿ ಒಂದು ಮರೆತಿರಬಹುದು, ಇನ್ನೊಂದು ಮರೆತಂತೆ ನಟಿಸಿರಬಹುದು ಎಂಬ ಸಾಧ್ಯತೆಯನ್ನಷ್ಟೇ ಮುಂದಿಡುತ್ತೇನೆ. ನಮ್ಮ ನಾಟಕದ ಅರಸನ ಹೇಳಿಕೆಯು ಈ ಊರಿನಲ್ಲಿ ಪಡೆಯುವ ತೂಕವನ್ನು ಬೇರೆ ಯಾವ ಊರಿನಲ್ಲಿಯೂ ಪಡೆಯಲಾರದು. ದುಷ್ಯಂತನು ತುಂಬುಗಾಂಭೀರ್ಯದಿಂದ ದಿನವಾರ ಸಹಿತವಾಗಿ, ಒಂದು ತೊದಲೂ ಇಲ್ಲದೆ ನುಡಿಯುವಾಗ, ಮೀನುಗಾರನು ತೊದಲಿ, ತಿದ್ದಿಕೊಂಡು, ಹೊಳೆಯ ಹೆಸರನ್ನೇ ಎರಡು ಬಗೆಯಾಗಿ ಹೇಳಿ ಅಪಹಾಸ್ಯಕ್ಕೆ ಈಡಾಗುವಾಗ, ಕಾರ್ಕಳದ ಸಭೆಯಲ್ಲಿ ಕುಳಿತ ಮುದುಕಿಯೊಬ್ಬಳು ಯಾರ ಪಕ್ಷವನ್ನು ವಹಿಸುವಳೆಂಬುದನ್ನು ಊಹಿಸುವುದು ಕಷ್ಟವಲ್ಲ. ಕೋಟಿ ಚೆನ್ನಯ ಥೀಮ್ ಪಾರ್ಕಿನಲ್ಲಿ ನೆಲೆಗೊಂಡ ಯಕ್ಷರಂಗಾಯಣವು ಈಗ ಆ ಊರಿನಲ್ಲಿಯೇ ಇರುವುದರಿಂದ, ಬೆಳಕು ತಿಳಿದ ಕೈಗಳೂ ಹೇಳಿದರೆ ಒದಗಿಯಾವು.

ತಾಲೀಮಿನ ಹೊತ್ತಿನಲ್ಲಿ ನಿರ್ದೇಶಕನ ಮುಂದೆ ಬಂದು ನಿಲ್ಲುವ ಒಂದು ಪ್ರಶ್ನೆ ಉಳಿದಿದೆ. ಅರಸನ ಪಾತ್ರಧಾರಿಯು ಒಂದು ದಿನ ಬಂದು, ನಾನು ನಿಜವಾಗಿ ಮರೆತಿದ್ದೇನೆಯೇ ಅಥವಾ ಸುಳ್ಳು ಹೇಳುತ್ತಿದ್ದೇನೆಯೇ ಎಂದು ಕೇಳಿಯೇ ಕೇಳುತ್ತಾನೆ. ಕೇಳದಿದ್ದರೆ ಅವನು ಒಳ್ಳೆಯ ನಟನಲ್ಲ. ಎರಡೂ ಹೌದೆನ್ನುವ ಜಾಣತನದ ಉತ್ತರದಿಂದ ಅವನಿಗೆ ಯಾವ ಪ್ರಯೋಜನವೂ ಇಲ್ಲ, ದ್ವಂದ್ವವನ್ನು ಅಭಿನಯಿಸಹೊರಟವನು ಮಂಕಾಗಿ ಕಾಣುತ್ತಾನೆ. ಉತ್ತರವನ್ನು ಸ್ಪಷ್ಟವಾಗಿ, ಅವನೊಬ್ಬನ ಕಿವಿಯಲ್ಲಿ, ಹೇಳಬೇಕು. ಗುಮಾಸ್ತನಿಗಾಗಲಿ ಮೀನುಗಾರನಿಗಾಗಲಿ ಆಶ್ರಮದ ಹೆಂಗಸಿಗಾಗಲಿ ಅದು ತಿಳಿಯಕೂಡದು. ಉಡುಪಿ ಮಣಿಪಾಲ ಕಾಪುಗಳಲ್ಲಿ ಕಾಳಿದಾಸನ ಉತ್ತರವನ್ನು ಹೇಳುವುದು. ಕಾರ್ಕಳದ ಚೌಕಿಯಲ್ಲಿ, ಅವನು ಕಿರೀಟ ಕಟ್ಟಿಕೊಳ್ಳುತ್ತಿರುವಾಗ, ವ್ಯಾಸರದನ್ನು ಹೇಳುವುದು. ಮಾತೊಂದನ್ನೂ ಬದಲಿಸಕೂಡದು, ಹೆಜ್ಜೆಯೊಂದನ್ನೂ ಬದಲಿಸಕೂಡದು. ಎದುರಿಗೆ ನಿಂತ ಹೆಂಗಸಿನ ಪಾತ್ರಧಾರಿಣಿಗೆ ಆ ರಾತ್ರಿ ವ್ಯತ್ಯಾಸವು ತಿಳಿಯಿತೇ ಎಂದು ನಾಟಕ ಮುಗಿದ ಮೇಲೆ ವ್ಯಾನಿನಲ್ಲಿ ಕೇಳಬೇಕು.